ಹೊಸ ನಿಯಮ ಬಂದಾಗ ತಲೆಬಿಸಿ ಯಾರಿಗೆ? ಕರಾವಳಿಯಲ್ಲಿ ವ್ಯಾಪಾರದ ಅವಕಾಶ ಹುಡುಕುವ ದಾರಿ

2022ರ ಜೂನ್ ಕೊನೆಯ ವಾರ. ಬೆಳ್ತಂಗಡಿ ಕಡೆಯ ಒಬ್ಬರು ಮಂಗಳೂರಿನ ಹಂಪನಕಟ್ಟೆಯಲ್ಲಿರುವ ನನ್ನ ಆಫೀಸಿಗೆ ಬಂದರು. ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಬಂದ್ ಅಂತ ಟಿವಿಯಲ್ಲಿ ನೋಡಿದ್ದರು. ಅಡಿಕೆ ಹಾಳೆಯ ತಟ್ಟೆ ಮಾಡುವ ಯಂತ್ರಕ್ಕೆ ಮುಂಗಡ ಕೊಟ್ಟೇ ಬಂದಿದ್ದರು. "ಇನ್ನು ನಮ್ಮ ಹಾಳೆಗೆ ಒಳ್ಳೆ ಕಾಲ ಸರ್" ಅಂದರು.

ಯಂತ್ರ ಜುಲೈ ನಡುವಿನಲ್ಲಿ ಬಂತು. ಹೊರಗೆ ಜೋರು ಮಳೆ. ತೋಟದಲ್ಲಿ ಬಿದ್ದ ಹಾಳೆಯೆಲ್ಲ ಒದ್ದೆ. ಒದ್ದೆ ಹಾಳೆಯನ್ನು ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ. ಅಂಥ ತಟ್ಟೆಯನ್ನು ಯಾವ ಕ್ಯಾಟರಿಂಗಿನವರೂ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಹಾಳೆ ಬೇಕಿದ್ದರೆ ಬೇಸಿಗೆಯಲ್ಲೇ ಹೆಕ್ಕಿ, ಒಣಗಿಸಿ, ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿಡಬೇಕು. ಅಕ್ಕಪಕ್ಕದಲ್ಲಿ ಹಾಗೆ ಇಟ್ಟಿದ್ದವರು ಅದನ್ನು ಆಗಲೇ ಬೇರೆಯವರಿಗೆ ಮಾರಿಯಾಗಿತ್ತು. ಡಿಸೆಂಬರ್ ತನಕ ಯಂತ್ರ ಟಾರ್ಪಾಲಿನ ಕೆಳಗೆ ಕೂತಿತು. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇತ್ತು.

ಅವರ ಯೋಚನೆ ಸರಿಯಿತ್ತು, ತಡವಾಗಿತ್ತು ಅಷ್ಟೆ. ಆ ನಿಷೇಧದ ಕರಡು ಬಂದದ್ದು 2021ರ ಮಾರ್ಚ್‌ನಲ್ಲಿ. ಅಂತಿಮ ನಿಯಮ ಬಂದದ್ದು 2021ರ ಆಗಸ್ಟ್ 12ಕ್ಕೆ. ಜಾರಿಯಾದದ್ದು 2022ರ ಜುಲೈ 1ಕ್ಕೆ. ಕರಡಿನ ದಿನ ಗೊತ್ತಾಗಿದ್ದರೆ ಹಾಳೆ ಹೆಕ್ಕಲು ಎರಡು ಬೇಸಿಗೆ ಸಿಗುತ್ತಿತ್ತು.

ಸಣ್ಣ ವ್ಯಾಪಾರಸ್ಥರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಕಷ್ಟಪಟ್ಟು ದುಡಿಯುವವರು ಹೀಗೆ ಸುದ್ದಿ ಕೇಳಿ ಓಡಿ ಹಣ ಕಳೆದುಕೊಳ್ಳುವುದನ್ನು ನೋಡಿದರೆ ತುಂಬ ಸಂಕಟ ಆಗುತ್ತದೆ. ಹಾಗಾಗಿ, ನನ್ನ ಹತ್ತಿರ ಬರುವವರಿಗೆ ಹೇಳುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕರಡು ಬಂದಾಗಲೇ ಓದಿ

ಸರ್ಕಾರದ ಹೆಚ್ಚಿನ ನಿಯಮಗಳು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಮೊದಲು ಕರಡು ಅಧಿಸೂಚನೆ, ಅದಕ್ಕೆ ಆಕ್ಷೇಪ ಹೇಳಲು ಸಮಯ, ಆಮೇಲೆ ಅಂತಿಮ ಅಧಿಸೂಚನೆ, ಕೊನೆಗೆ ಜಾರಿಯ ದಿನ. ಪರಿಸರಕ್ಕೆ ಸೇರಿದ ಕರಡುಗಳಿಗೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಟಿವಿಯಲ್ಲಿ ಗಲಾಟೆ ಆಗುವುದು ಜಾರಿಯ ಹಿಂದಿನ ವಾರ. ಆ ಹೊತ್ತಿಗೆ ತಯಾರಿ ಮಾಡಲು ಸಮಯ ಇರುವುದಿಲ್ಲ.

ಎಲ್ಲವನ್ನೂ ಓದುತ್ತಾ ಕೂರಬೇಕಾಗಿಲ್ಲ. ನಿಮ್ಮ ಕಸುಬಿಗೆ ಸೇರಿದ ಎರಡು ಮೂರು ಜಾಗ ಸಾಕು. ಅಡಿಕೆಯವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿಯ, ಅಧಿಸೂಚನೆ ನೋಡಲಿ. ತಿಂಡಿ, ಮೀನು, ಉಪ್ಪಿನಕಾಯಿಯವರು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ವೆಬ್‌ಸೈಟಿನ ಕರಡು ವಿಭಾಗ ನೋಡಲಿ. ಕಡಲ ಬದಿಯಲ್ಲಿ ಹೋಂಸ್ಟೇ ಮಾಡುವವರಿಗೆ ಕಡಲತೀರದ ಕಟ್ಟಡಗಳಿಗೆ ನಿಯಮ ಹಾಕುವ ಸಿಆರ್‌ಝಡ್ ಅಧಿಸೂಚನೆ. ತೆರಿಗೆ ಎಲ್ಲರಿಗೂ ಬೇಕು, ಹಾಗಾಗಿ ಜಿಎಸ್‌ಟಿ ಮಂಡಳಿಯ ಸಭೆ ಮುಗಿದ ದಿನ ಬರುವ ಪ್ರಕಟಣೆ ಎಲ್ಲರೂ ಓದಬೇಕು. ಕೇಂದ್ರದ ಗೆಜೆಟ್ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಪೇಪರಿನ ಒಳಪುಟದ ಟೆಂಡರ್ ಮತ್ತು ಪ್ರಕಟಣೆಗಳು. ಪಾಲಿಕೆ ಏನು ಕಟ್ಟಿಸುತ್ತಿದೆ, ಪಣಂಬೂರಿನ ಬಂದರಿಗೆ ಯಾವ ಸೇವೆ ಬೇಕಾಗಿದೆ ಅಂತ ಅಲ್ಲಿ ಬರೆದೇ ಇರುತ್ತದೆ.

ವಾರಕ್ಕೆ ಒಂದು ಗಂಟೆ. ನಾನು ಭಾನುವಾರ ಬೆಳಿಗ್ಗೆ ಇಟ್ಟುಕೊಂಡಿದ್ದೇನೆ.

ಎರಡನೇ ಹೆಜ್ಜೆ: ಒಂದು ನೋಟ್‌ಬುಕ್, ನಾಲ್ಕು ಕಾಲಂ

ಇನ್ನೂರು ಪೇಜಿನ ಗೆರೆ ಹಾಕಿದ ನೋಟ್‌ಬುಕ್ ತನ್ನಿ. ನಾಲ್ಕು ಕಾಲಂ ಎಳೆಯಿರಿ. ಏನು ಬದಲಾಯಿತು, ಯಾವ ದಿನದಿಂದ, ಇದರಿಂದ ಯಾರಿಗೆ ಹೊಸ ಕೆಲಸ ಬಿತ್ತು, ಅವರು ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ. ಮೊಬೈಲಿನಲ್ಲಿ ಬರೆದರೂ ಆಗುತ್ತದೆ. ಆದರೆ ಆರು ತಿಂಗಳ ಪುಟಗಳನ್ನು ಒಟ್ಟಿಗೆ ತಿರುವಿ ನೋಡಲು ನನಗೆ ಕಾಗದವೇ ಅನುಕೂಲ.

ಮೊದಲ ಎರಡು ಕಾಲಂ ಯಾರು ಬೇಕಾದರೂ ತುಂಬಬಹುದು. ಮೂರನೆಯದನ್ನು ಯೋಚಿಸಿ ತುಂಬಬೇಕು. ನಾಲ್ಕನೆಯದಕ್ಕೆ ಮನೆಯಿಂದ ಹೊರಗೆ ಹೋಗಲೇಬೇಕು.

ಮೂರನೇ ಹೆಜ್ಜೆ: ತಲೆಬಿಸಿ ಯಾರದ್ದು ಅಂತ ಹುಡುಕಿ

ನಮ್ಮ ಕಡೆ ದಿನಕ್ಕೆ ಹತ್ತು ಸಲ ಕೇಳುವ ಮಾತು ತಲೆಬಿಸಿ. ಒಂದು ನಿಯಮ ಬಂದಾಗ ಯಾರು "ಎಂತ ತಲೆಬಿಸಿ ಮಾರಾಯ್ರೆ" ಅನ್ನುತ್ತಾರೋ ಅವರೇ ನಿಮ್ಮ ಗಿರಾಕಿ.

2025ರ ಜುಲೈ ನೆನಪಿದೆಯಾ? ಯುಪಿಐನಲ್ಲಿ ಬಂದ ಹಣದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಸ್ಥರಿಗೆ ನೋಟಿಸ್ ಕಳಿಸಿತು. ಎಷ್ಟೋ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಆ ದಿನಗಳಲ್ಲಿ ಒಬ್ಬ ತರಕಾರಿ ಅಂಗಡಿಯವರು ಬಿಸ್ಕತ್ತಿನ ಡಬ್ಬದಲ್ಲಿ ಚೀಟಿಗಳನ್ನು ತುಂಬಿಕೊಂಡು ನನ್ನ ಹತ್ತಿರ ಬಂದರು. ತರಕಾರಿಗೆ ಜಿಎಸ್‌ಟಿ ಇಲ್ಲ. ಅವರ ಖಾತೆಗೆ ಬಂದದ್ದರಲ್ಲಿ ತಂಗಿಯ ಮದುವೆಗೆ ನೆಂಟರು ಹಾಕಿದ ದುಡ್ಡೂ ಇತ್ತು, ಚಿಟ್ ಫಂಡಿನದ್ದೂ ಇತ್ತು. ಒಂದೇ ಖಾತೆ, ಎಲ್ಲ ಕಲಸಿಹೋಗಿದೆ. ಡಬ್ಬ ಮೇಜಿನ ಮೇಲೆ ಸುರಿದು ಇಬ್ಬರೂ ಕೂತು ಬೇರೆ ಮಾಡಿದೆವು. ಮುಗಿಯುವಾಗ ರಾತ್ರಿ ಒಂಬತ್ತು. ಅವರಿಗೆ ಬೇಕಾದದ್ದು ದೊಡ್ಡ ಸಾಫ್ಟ್‌ವೇರ್ ಅಲ್ಲ. ವಾರಕ್ಕೊಮ್ಮೆ ಅಂಗಡಿಗೇ ಬಂದು ಮಾರಾಟ, ಖರೀದಿ, ಸ್ವಂತದ್ದು ಅಂತ ಬೇರೆ ಬರೆದು ಕೊಡುವ ಒಬ್ಬರು. ಬಿಕಾಂ ಮುಗಿಸಿ ಊರಲ್ಲೇ ಇರಬೇಕು ಅನ್ನುವ ಹುಡುಗ ಹುಡುಗಿಯರಿಗೆ ಇದು ಇವತ್ತೇ ಇರುವ ಕೆಲಸ. ಒಂದು ಮಾರುಕಟ್ಟೆಯ ಮೂವತ್ತು ಅಂಗಡಿ ಹಿಡಿದರೂ ಸಾಕು.

ಇನ್ನೊಂದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾನೂನುಗಳ ಜಾಗದಲ್ಲಿ ಇವು. ಕೆಲಸಕ್ಕೆ ಇಟ್ಟುಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು. ಇಷ್ಟು ಅವಧಿಗೆ ಅಂತ ನೇಮಿಸಿದವರಿಗೆ ಒಂದು ವರ್ಷ ಮುಗಿದರೂ, ಕೆಲಸ ಬಿಡುವಾಗ ಕೊಡುವ ಗ್ರ್ಯಾಚುಟಿ ಲೆಕ್ಕಕ್ಕೆ ಬರುತ್ತದೆ. ಹತ್ತು ಜನ ಹುಡುಗರನ್ನು ಇಟ್ಟುಕೊಂಡ ಹೋಟೆಲಿನ ಧಣಿಗೆ ಇದನ್ನೆಲ್ಲ ಮಾಡಿ ಅಭ್ಯಾಸ ಇಲ್ಲ. ಸಂಬಳದ ಪಟ್ಟಿ, ಪತ್ರ, ಹಾಜರಿ ನೋಡಿಕೊಳ್ಳುವವರು ಅವರಿಗೆ ಬೇಕು.

ತಲೆಬಿಸಿ ಕೆಲವು ಸಲ ನಿಯಮದಿಂದ ದೂರದಲ್ಲಿ ಬೀಳುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ. ಮಂಗಳೂರು, ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹಾಗಾಗಿ "ನಮಗೆಂತ ಸಿಕ್ಕಿತು" ಅಂದವರೇ ಹೆಚ್ಚು. ಆದರೆ ಧರ್ಮಸ್ಥಳ, ಕುಕ್ಕೆ, ಕೊಲ್ಲೂರಿಗೆ ಘಟ್ಟದ ಮೇಲಿನಿಂದ ಹೆಂಗಸರು ಗುಂಪು ಗುಂಪಾಗಿ ಬರತೊಡಗಿದರು. ಟಿಕೆಟಿನ ದುಡ್ಡು ಉಳಿದಿದೆ. ಅವರು ಕೇಳುವುದೇನು? ಸ್ವಚ್ಛ ಶೌಚಾಲಯ, ಬ್ಯಾಗು ಇಡಲು ಜಾಗ, ಸೀರೆ ಬದಲಿಸಲು ಒಂದು ಕೋಣೆ, ಮನೆಗೆ ಒಯ್ಯಲು ಹಪ್ಪಳ, ಗೋಡಂಬಿ. ಬಸ್ ಸ್ಟ್ಯಾಂಡಿನ ಹತ್ತಿರ ಮನೆ ಇರುವವರಿಗೆ ಇದರಲ್ಲಿ ಒಳ್ಳೆಯ ದಾರಿ ಇದೆ.

ಸೋಲಾರ್ ಕೂಡ ಹಾಗೆಯೇ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 2 ಕಿಲೋವ್ಯಾಟ್‌ಗೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ಪ್ಯಾನಲ್ ಹಾಕುವವರು ಊರಿಗೆ ಹಲವರು ಆದರು. ನಮ್ಮ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ, ಮಳೆ ಮುಗಿದಾಗ ಪಾಚಿ ಕಟ್ಟುತ್ತದೆ. ಆಗ ತೊಳೆದು, ಬಿಗಿ ಮಾಡಿ ಕೊಡುವವರು ಬೇಕು.

ನಾಲ್ಕನೇ ಹೆಜ್ಜೆ: ಆದೇಶ ಬೀದಿಗೆ ಇಳಿದಿದೆಯಾ ನೋಡಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಕ್ಕೆ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲೇ. ಆದರೂ ಸಂತೆಯಲ್ಲಿ ತೆಳು ಚೀಲ ಸಿಗುತ್ತಲೇ ಇತ್ತು, ಅಲ್ವಾ? ಕಾಗದದಲ್ಲಿ ಇರುವ ಕಾನೂನನ್ನು ನಂಬಿ ಬಟ್ಟೆ ಚೀಲದ ರಾಶಿ ಹಾಕಿದವರಿಗೆ ಅದನ್ನು ಖಾಲಿ ಮಾಡಲು ವರ್ಷಗಳು ಹಿಡಿದವು.

ಆದ್ದರಿಂದ ನಡೆದು ನೋಡಿ. ಸೆಂಟ್ರಲ್ ಮಾರ್ಕೆಟಿನಿಂದ ರಥಬೀದಿ ತನಕ, ಇಲ್ಲವೇ ಉಡುಪಿಯಲ್ಲಿ ಸಿಟಿ ಬಸ್ ಸ್ಟ್ಯಾಂಡಿನಿಂದ ಮಠದ ತನಕ. ಹತ್ತು ಅಂಗಡಿಯವರನ್ನು ಮಾತಾಡಿಸಿ. "ಇದನ್ನು ಖರೀದಿ ಮಾಡುತ್ತೀರಾ" ಅಂತ ಕೇಳಬೇಡಿ. ಆ ಪ್ರಶ್ನೆಗೆ ನಮ್ಮವರು ಸೌಜನ್ಯಕ್ಕೆ ಹೌದು ಅಂದೇ ಅನ್ನುತ್ತಾರೆ. "ಕಳೆದ ಆರು ತಿಂಗಳಲ್ಲಿ ಯಾರಾದರೂ ಬಂದು ದಂಡ ಹಾಕಿದರಾ? ಎಷ್ಟು? ಆಮೇಲೆ ನೀವು ಏನು ಮಾಡಿದಿರಿ?" ಅಂತ ಕೇಳಿ. ದಂಡ ಕಟ್ಟಿದವರು ಮೂವರು ಸಿಕ್ಕರೆ ಆ ನಿಯಮಕ್ಕೆ ಬಲ ಇದೆ ಅಂತ ಅರ್ಥ. ಒಬ್ಬರೂ ಸಿಗದಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದು ಬಿಟ್ಟುಬಿಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ.

ಜಾಗ ಕೊಳ್ಳುವ ಮಾತಿದ್ದರೆ ಇನ್ನೂ ಹುಷಾರು. 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ, ಜನದಟ್ಟಣೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಇರುವ ಹಳ್ಳಿಗಳಿಗೆ ಕಟ್ಟಡ ಕಟ್ಟಬಾರದ ಜಾಗ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಹಳ್ಳಿಗಳಿಗೆ 200 ಮೀಟರ್. ಪಕ್ಕದ ಊರಿನವರು ರೆಸಾರ್ಟ್ ಕಟ್ಟಿದರು ಅಂತ ನಿಮಗೂ ಆಗುತ್ತದೆ ಅಂದುಕೊಳ್ಳಬೇಡಿ. ಸರ್ವೆ ನಂಬರ್ ಹಿಡಿದುಕೊಂಡು ಕರಾವಳಿ ವಲಯದ ನಕ್ಷೆ ನೋಡಿ, ಆಮೇಲೆ ಮುಂಗಡ ಕೊಡಿ.

ಐದನೇ ಹೆಜ್ಜೆ: ನಿಧಾನದ ಬದಲಾವಣೆಯನ್ನೂ ಬರೆದಿಡಿ

ನಿಯಮಕ್ಕೆ ತಾರೀಕು ಇರುತ್ತದೆ. ಜನರ ಬದುಕು ಬದಲಾಗುವುದಕ್ಕೆ ತಾರೀಕು ಇಲ್ಲ. ಹಾಗಾಗಿ ಕಣ್ಣಿಗೆ ಬೀಳುವುದು ಕಡಿಮೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಮಂಗಳೂರು ಹಂಚು ಊರಿನ ಹೆಸರನ್ನು ಎಲ್ಲೆಲ್ಲಿಗೋ ಒಯ್ದಿತು. ಆಮೇಲೆ ತಾರಸಿ ಮನೆ ಬಂತು, ಮಣ್ಣು ದುಬಾರಿಯಾಯಿತು, ಚಿಮಣಿಗಳು ಒಂದೊಂದಾಗಿ ಆರಿದವು. ಈಗ ಹಳೆ ಮನೆ ಒಡೆಯುವಾಗ ಹಂಚನ್ನು ಜೋಪಾನವಾಗಿ ಇಳಿಸಿ, ಉಜ್ಜಿ, ಹೋಂಸ್ಟೇ ಕಟ್ಟುವವರಿಗೆ ಮಾರುವವರಿದ್ದಾರೆ. ಇಳಿದುಹೋದ ಕಸುಬಿನ ಪಕ್ಕದಲ್ಲೇ ಇನ್ನೊಂದು ಹುಟ್ಟಿದೆ.

1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ. 1928ರಲ್ಲಿ ಆ ಬ್ಯಾಂಕಿನವರೇ ಪಿಗ್ಮಿ ಠೇವಣಿ ತಂದರು. ಏಜೆಂಟ್ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ತೆಗೆದುಕೊಳ್ಳುವುದು. ದಿನಗೂಲಿಯವರ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ, ಆದರೆ ಬ್ಯಾಂಕಿಗೆ ಬರಲು ಪುರುಸೊತ್ತಿಲ್ಲ ಅನ್ನುವುದನ್ನು ಅವರು ಹತ್ತಿರದಿಂದ ನೋಡಿದ್ದರು. ನನ್ನ ಅಜ್ಜಿಯ ಪೆಟ್ಟಿಗೆಯಲ್ಲೂ ಪಿಗ್ಮಿ ಪುಸ್ತಕ ಇತ್ತು. ನಮ್ಮ ಮಣ್ಣಿನಲ್ಲೇ ಇಂಥ ಕಣ್ಣಿದ್ದವರು ಇದ್ದರು ಅನ್ನುವುದು ನನಗೆ ಹೆಮ್ಮೆ.

ಇವತ್ತು ಹಾಗೆ ನೋಡಬೇಕಾದದ್ದು ಅಡಿಕೆ ತೋಟಗಳನ್ನು. ಮಕ್ಕಳು ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ. ಮರ ಹತ್ತುವವರು ಸಿಗುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಮಳೆಯ ನಡುವೆ ಎರಡು ದಿನ ಬಿಡುವು ಸಿಗುತ್ತದೆ, ಆ ಎರಡು ದಿನ ಇಡೀ ಊರಿಗೆ ಒಬ್ಬರೇ ಕೆಲಸದವರು. ಕಳೆದ ಮಳೆಗಾಲದಲ್ಲಿ ಪುತ್ತೂರಿನ ಹತ್ತಿರ ಒಂದು ತೋಟಕ್ಕೆ ಹೋಗಿದ್ದೆ. ಇಬ್ಬರು ಹುಡುಗರು ಪಿಕಪ್‌ನಲ್ಲಿ ಕಾರ್ಬನ್ ಫೈಬರ್ ದೋಟಿ ತಂದಿದ್ದರು. ಮೀನಿನ ಗಾಳದ ಕೋಲಿನ ಹಾಗೆ ಒಂದರೊಳಗಿಂದ ಒಂದನ್ನು ಎಳೆದು ಉದ್ದ ಮಾಡಿದರು. ನೆಲದಲ್ಲಿ ನಿಂತೇ, ಕತ್ತು ಹಿಂದಕ್ಕೆ ಹಾಕಿ, ಒಬ್ಬ ಅಡಿಕೆ ಗೊನೆಗೆ ಔಷಧಿ ಬಿಡುತ್ತಿದ್ದ. ಇನ್ನೊಬ್ಬ ಪೈಪು ಸಿಕ್ಕಿಕೊಳ್ಳದ ಹಾಗೆ ಹಿಂದೆ ಎಳೆಯುತ್ತಿದ್ದ. ತೋಟದ ಅಜ್ಜ ಮೆಟ್ಟಿಲಲ್ಲಿ ಕೂತು "ನೀವು ನಾಳೆಯೂ ಬರ್ತೀರಲ್ಲ ಮಕ್ಕಳೇ" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಅವರ ಸ್ವರದಲ್ಲಿದ್ದ ಆತಂಕ ಕೇಳಿದ ಮೇಲೆ ಬೇಡಿಕೆ ಇದೆಯಾ ಅಂತ ನಾನು ಬೇರೆ ಯಾರನ್ನೂ ಕೇಳಬೇಕಾಗಲಿಲ್ಲ.

ಆರನೇ ಹೆಜ್ಜೆ: ಕೊಟ್ಟ ಆದೇಶವೇ ಕಿತ್ತುಕೊಂಡರೆ?

ಹಾಳೆ ತಟ್ಟೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಬೇಡಿಕೆ ಬಂತು, ರಫ್ತೂ ಬೆಳೆಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಿಸುವ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ ಬಳಸಬಾರದು ಅಂತ ಹೇಳಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಊಟಕ್ಕೆ ಸೇರಬಹುದು ಅನ್ನುವುದು ಅವರ ಕಾರಣ. ತಲೆಮಾರಿನಿಂದ ಹಾಳೆಯನ್ನು ಬಳಸುತ್ತ ಬಂದ ನಮಗೆ ಇದು ನೋವಿನ ಮಾತು. ಆದರೆ ಮಾಲು ಪೂರ್ತಿ ಅಮೆರಿಕಕ್ಕೇ ಕಳಿಸುತ್ತಿದ್ದವರಿಗೆ ಒಂದೇ ಪತ್ರದಿಂದ ದಾರಿ ಮುಚ್ಚಿತು. ಅರ್ಧವನ್ನು ಊರಿನ ಮದುವೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಡುತ್ತಿದ್ದವರು ಉಳಿದರು.

ಅಡಿಕೆಗೂ ಇಂಥದ್ದೇ ಲೆಕ್ಕ ಇದೆ. ಕಿಲೋಗೆ 251 ರೂಪಾಯಿ ಇದ್ದ ಆಮದಿನ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ಮಾಡಿದರು. ಅದಕ್ಕಿಂತ ಅಗ್ಗದ ಅಡಿಕೆ ಹೊರಗಿನಿಂದ ತರಿಸುವ ಹಾಗಿಲ್ಲ. ಆ ಗೋಡೆ ಇರುವಷ್ಟು ದಿನ ನಮ್ಮ ಬೆಲೆಗೆ ಆಸರೆ. ಅಡಿಕೆಯ ಮೇಲೆ ನಿಂತ ಯಾವ ವ್ಯಾಪಾರ ಮಾಡಿದರೂ "ಈ ಅಂಕಿ ನಾಳೆ ಇಳಿದರೆ ನಾನು ಎಷ್ಟು ತಿಂಗಳು ತಡೆಯಬಲ್ಲೆ" ಅಂತ ಕೂತು ಬರೆಯಬೇಕು. ಆರು ತಿಂಗಳು ಅಂತ ಉತ್ತರ ಬರದಿದ್ದರೆ ಸಾಲ ಮಾಡಿ ಇಳಿಯಬೇಡಿ.

ಏಳನೇ ಹೆಜ್ಜೆ: ನೂರು ಕಿಲೋದಿಂದ ಶುರು ಮಾಡಿ

ಈಗ ಒಂದು ಉದಾಹರಣೆಯನ್ನು ಪೂರ್ತಿ ಮಾಡೋಣ. ನಮ್ಮಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಇದು ಮೊದಲೇ ತಾರೀಕು ಗೊತ್ತಿರುವ ನಿಯಮ. ಆಗ ಮಲ್ಪೆಯಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ, ಹಸಿ ಮೀನು ದುಬಾರಿ, ಮನೆಮನೆಯಲ್ಲಿ ಒಣಮೀನು ಹುಡುಕುತ್ತಾರೆ. ಬೆಂಗಳೂರಿಗೆ ಹೋದ ಮಕ್ಕಳಿಗೂ ಅದೇ ಬೇಕು. ಆದರೆ ಸಂತೆಯ ಒಣಮೀನಿನಲ್ಲಿ ಮರಳು ಇರುತ್ತದೆ, ವಾಸನೆಗೆ ಬಸ್ಸಿನಲ್ಲಿ ಒಯ್ಯಲು ಆಗುವುದಿಲ್ಲ. ಮರಳಿಲ್ಲದ, ಗಾಳಿ ಆಡದ ಪ್ಯಾಕೆಟಿನ ಒಣ ಸಿಗಡಿ ಮಾಡಿದರೆ?

ಲೆಕ್ಕಕ್ಕೆಂದು ಅಂಕಿ ಹಾಕುತ್ತೇನೆ, ನಿಮ್ಮ ದರ ನೀವು ಕೇಳಿ ಹಾಕಿಕೊಳ್ಳಿ. 100 ಕಿಲೋ ಒಣ ಸಿಗಡಿಗೆ, ಕಿಲೋಗೆ 200ರಂತೆ 20,000 ರೂಪಾಯಿ. ತಲೆ, ಮರಳು, ಹುಡಿ ಹೋಗಿ 90 ಕಿಲೋ ಉಳಿಯಿತು ಅನ್ನಿ. ಕಾಲು ಕಿಲೋದ 360 ಪ್ಯಾಕೆಟ್. ಪ್ಯಾಕೆಟಿಗೆ ಚೀಲ, ಲೇಬಲ್ 6 ರೂಪಾಯಿ, ಒಟ್ಟು 2,160. ಕೂಲಿ 3,000, ಸಾಗಾಟ 2,000. ಖರ್ಚು 27,160. ಪ್ಯಾಕೆಟಿಗೆ 120 ಇಟ್ಟರೆ 43,200. ಅಂಗಡಿಯವರಿಗೆ ನೂರಕ್ಕೆ 20 ಬಿಟ್ಟರೆ ಕೈಗೆ 34,560. ಉಳಿಕೆ 7,400. ಹತ್ತನೇ ಒಂದು ಪಾಲು ವಾಪಸ್ ಬಂದರೆ 3,456 ಹೋಯಿತು, ಉಳಿಯುವುದು 3,944. ಹೆಚ್ಚಿನವರು ಬರೆಯದೇ ಬಿಡುವುದು ಈ ವಾಪಸಿನ ಸಾಲನ್ನು. ಅದನ್ನು ಬರೆದ ಮೇಲೂ ಲಾಭ ಇದ್ದರೆ ಮಾತ್ರ ಎರಡನೇ ನೂರು ಕಿಲೋ.

ಇಲ್ಲೂ ನಿಯಮ ಇದೆ. ಸಡಿಲಾಗಿ ಮಾರುವ ಒಣಮೀನಿಗೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರ ನಂತರ ಪ್ಯಾಕ್ ಮಾಡಿ ಲೇಬಲ್ ಹಾಕಿದರೆ ನೂರಕ್ಕೆ 5. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವ ತನಕ ನೋಂದಣಿ ಬೇಕಾಗಿಲ್ಲ. ಆದರೆ ರಾಜ್ಯದ ಗಡಿ ದಾಟಿಸಿದರೆ ಮೊದಲ ಪ್ಯಾಕೆಟಿಗೂ ನೋಂದಣಿ ಬೇಕು. ಬೆಂಗಳೂರಿಗೆ ಕಳಿಸಿದರೆ ಪರವಾಗಿಲ್ಲ, ತಲಪಾಡಿ ದಾಟಿ ಕಾಸರಗೋಡಿನ ಅಂಗಡಿಗೆ ಕೊಟ್ಟರೆ ಲೆಕ್ಕ ಬೇರೆ. ಮುಂಬೈಯ ನೆಂಟರ ಹೋಟೆಲಿಗೆ ಕಳಿಸುವವರು ಇದನ್ನು ಮರೆಯಬಾರದು. ಎಫ್‌ಎಸ್‌ಎಸ್‌ಎಐ ನಂಬರ್, ತೂಕ, ಪ್ಯಾಕ್ ಮಾಡಿದ ದಿನ, ಬೆಲೆ, ವಿಳಾಸ ಲೇಬಲ್ಲಿನಲ್ಲಿ ಇರಲೇಬೇಕು.

ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಕೊಳ್ಳಿ, ಅದು ಪುಕ್ಕಟೆ. ಯಾರಾದರೂ ಶುಲ್ಕ ಅಂತ ಕೇಳಿದರೆ ಕೊಡಬೇಡಿ, ಆಧಾರ್ ಹಿಡಿದು ನೀವೇ ಮಾಡಬಹುದು. ಅದರಿಂದ ಒಂದು ದೊಡ್ಡ ಉಪಕಾರ ಇದೆ. ಸಣ್ಣ ತಯಾರಕರಿಗೆ ಖರೀದಿದಾರರು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ ಆ ಖರ್ಚನ್ನು ಅವರು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ. ಸೂಪರ್‌ಮಾರ್ಕೆಟಿಗೆ ಮಾಲು ಕೊಡುವಾಗ ಬಿಲ್ಲಿನಲ್ಲೇ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಬರೀ ಖರೀದಿಸಿ ಮಾರುವವರಿಗೆ ಈ ಅನುಕೂಲ ಇಲ್ಲ, ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ.

ಕಲಿಯಲು ದೂರ ಹೋಗಬೇಕಾಗಿಲ್ಲ. ಉಜಿರೆಯ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನಲ್ಲಿ 1982ರಿಂದ ಊಟ ವಸತಿ ಸಹಿತ ಉಚಿತ ತರಬೇತಿ ನಡೆಯುತ್ತಿದೆ. ಮಂಗಳೂರಿನ ಎಕ್ಕೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ಒಣಗಿಸುವುದು, ಉಪ್ಪಿನ ಪ್ರಮಾಣ, ಪ್ಯಾಕಿಂಗ್ ಬಗ್ಗೆ ಅಲ್ಲಿ ಹೋಗಿ ಕೇಳಿ.

ದಿನ ಹೀಗೆ ಇಟ್ಟುಕೊಳ್ಳಿ. ಜನವರಿಯಲ್ಲಿ ಹತ್ತು ಅಂಗಡಿ ಸುತ್ತಿ. ಫೆಬ್ರವರಿಯಲ್ಲಿ ಎಫ್‌ಎಸ್‌ಎಸ್‌ಎಐ ಅರ್ಜಿ ಹಾಕಿ. ಮಾರ್ಚ್‌ನ ಬಿಸಿಲಿಗೆ ಮೊದಲ ನೂರು ಕಿಲೋ ಇನ್ನೊಮ್ಮೆ ಒಣಗಲಿ. ಏಪ್ರಿಲ್‌ನಲ್ಲಿ ಹತ್ತು ಪ್ಯಾಕೆಟ್ ನೆಂಟರಿಗೆ ಕೊಟ್ಟು, ಒಂದು ತಿಂಗಳು ಮನೆಯಲ್ಲೇ ಇಡಿಸಿ, ಒಡೆದಾಗ ವಾಸನೆ ಹೇಗಿದೆ ಅಂತ ಕೇಳಿ. ಮೇ ಕೊನೆಗೆ ಮಾಲು ಅಂಗಡಿ ಸೇರಿರಲಿ. ಜೂನ್ 1ಕ್ಕೆ ಬೋಟುಗಳು ದಡಕ್ಕೆ ಬಂದಿರುತ್ತವೆ.